ಮೂರು ಸಲ ಗಂಟೆ ಬಾರಿಸಿದ ಮೇಲೆ

ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರು ಬಾರಿಸುವ ಗಂಟೆಯನ್ನು ನಾನು ಬಾರಿಸುತ್ತಿರುವ ಆ ವಿಡಿಯೊ 22 ಸೆಕೆಂಡುಗಳದ್ದು. ಬೆಂಗಳೂರಿನ ಒಂದು ಆಸ್ಪತ್ರೆಯ ನೆಲಮಾಳಿಗೆಯ ಬಿಳಿ ಗೋಡೆ, ಅದಕ್ಕೆ ತಿರುಪು ಹಾಕಿ ಕೂರಿಸಿದ ಅಂಗೈಯಗಲದ ಹಿತ್ತಾಳೆಯ ಗಂಟೆ, ಅದರಿಂದ ಇಳಿಬಿದ್ದ ಹೆಣೆದ ಹಗ್ಗ, ಹಗ್ಗ ಹಿಡಿದು ನಿಂತ ನಾನು. ತಲೆಗೆ ಹತ್ತಿಯ ಸ್ಕಾರ್ಫ್ ಸುತ್ತಿಕೊಂಡಿದ್ದೇನೆ. ಮೊಬೈಲ್ ಹಿಡಿದ ಅಕ್ಕನ ಮಗಳು ‘ಚಿಕ್ಕಮ್ಮಾ, ಈ ಕಡೆ ನೋಡು, ನಗು’ ಎನ್ನುವುದು ಕೇಳಿಸುತ್ತದೆ. ನಾನು ನಗುತ್ತೇನೆ, ಮೂರು ಸಲ ಬಾರಿಸುತ್ತೇನೆ, ಇಬ್ಬರು ಟೆಕ್ನಿಷಿಯನ್ನರೂ ಒಬ್ಬ ನರ್ಸೂ ಚಪ್ಪಾಳೆ ತಟ್ಟುತ್ತಾರೆ. ಆ ನಗು ಸುಳ್ಳಿನದಲ್ಲ. ಆದರೂ 2023ರ ಜುಲೈಯಿಂದ ಇಂದಿನವರೆಗೆ ಆ ವಿಡಿಯೊವನ್ನು ನಾನು ಕೊನೆಯವರೆಗೆ ನೋಡಿದ್ದು ಎರಡೇ ಸಲ, ಎರಡು ಸಲವೂ ನೋಡಿ ಮುಗಿಸಿದ ಮೇಲೆ ಮನಸ್ಸು ಮುದುಡಿದೆ. ಏಕೆ ಹಾಗಾಗುತ್ತದೆ ಎಂಬುದನ್ನು ಬರೆದು ನೋಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಾನು ದಾವಣಗೆರೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವಳು. 2022ರ ದಸರಾ ರಜೆಯಲ್ಲಿ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಗೋಲಿಯಷ್ಟು ಗಾತ್ರದ, ಒತ್ತಿದರೂ ನೋಯದ ಗಂಟೊಂದು ಕೈಗೆ ಸಿಕ್ಕಿತು. ನವೆಂಬರಿನಲ್ಲಿ ಆಪರೇಷನ್ ಆಯಿತು, ಡಿಸೆಂಬರಿನಿಂದ ಕಿಮೋ ಶುರುವಾಯಿತು. ಮೊದಲು 21 ದಿನಕ್ಕೊಮ್ಮೆಯಂತೆ ನಾಲ್ಕು ಸಲ ಎಲ್ಲರೂ ಹೆದರುವ ಆ ಕೆಂಪು ಔಷಧಿ, ಅನಂತರ ವಾರಕ್ಕೊಂದರಂತೆ 12 ಡ್ರಿಪ್. ಅಷ್ಟೂ ನಮ್ಮೂರಿನಲ್ಲೇ ನಡೆಯಿತು. ಕೊನೆಯಲ್ಲಿ ರೇಡಿಯೇಷನ್ನಿಗೆ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ‘ಕರೆಂಟ್ ಕೊಡಿಸಲು’, ಬೆಂಗಳೂರಿನ ಅಕ್ಕನ ಮನೆಯಲ್ಲಿ ಒಂದು ತಿಂಗಳು ಉಳಿದೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು, ಒಟ್ಟು 20 ಸಿಟ್ಟಿಂಗ್. ಮೊದಲ ದಿನವೇ ಎದೆಯ ಮೇಲೆ ನೇರಳೆ ಬಣ್ಣದ ಶಾಯಿಯಿಂದ ಗೆರೆಗಳನ್ನೂ ಕೂಡಿಸುವ ಚಿಹ್ನೆಗಳನ್ನೂ ಹಾಕಿ, ಇವು ಅಳಿಸಬಾರದು, ಆ ಜಾಗಕ್ಕೆ ಸೋಪು ಮುಟ್ಟಿಸಬೇಡಿ ಎಂದು ಹೇಳಿದ್ದರು. ದಿನವೂ ಎರಡು ಕೈಗಳನ್ನು ತಲೆಯ ಮೇಲಕ್ಕೆ ಚಾಚಿ ಅಚ್ಚಿನಂಥ ಒಂದು ಆಧಾರದಲ್ಲಿ ಮಲಗುತ್ತಿದ್ದೆ. ಟೆಕ್ನಿಷಿಯನ್ ಗೆರೆಗಳಿಗೆ ಬೆಳಕನ್ನು ಹೊಂದಿಸಿ, ‘ಅಲ್ಲಾಡಬೇಡಿ ಮೇಡಂ’ ಎಂದು ಹೇಳಿ ಹೊರಗೆ ಹೋಗುತ್ತಿದ್ದರು. ಆ ದಪ್ಪ ಬಾಗಿಲು ಮುಚ್ಚಿಕೊಂಡ ಮೇಲಿನ ಕೆಲವು ನಿಮಿಷಗಳಲ್ಲಿ ಯಂತ್ರವೂ ನಾನೂ ಇಬ್ಬರೇ.

ಇಪ್ಪತ್ತನೆಯ ದಿನ ಅದೇ ಟೆಕ್ನಿಷಿಯನ್ ‘ಇವತ್ತು ಗಂಟೆ ಬಾರಿಸಿ ಹೋಗಬೇಕು’ ಎಂದರು. ಹಗ್ಗಕ್ಕೆ ಕೈ ಹಾಕಿದಾಗ ಒಂದು ಕ್ಷಣ ಕೈ ತಡೆಯಿತು. ದೇವಸ್ಥಾನದ ಒಳಗೆ ಹೋಗುವಾಗ ಗಂಟೆ ಬಾರಿಸಬೇಕು, ಹೊರಗೆ ಬರುವಾಗ ಬಾರಿಸಬಾರದು ಎಂದು ಚಿಕ್ಕಂದಿನಲ್ಲಿ ನಮ್ಮಮ್ಮ ನನ್ನ ಕೈ ಹಿಡಿದು ನಿಲ್ಲಿಸುತ್ತಿದ್ದಳು. ಹೊರಡುವಾಗ ಗಂಟೆ ಬಾರಿಸುವುದನ್ನು ನಾನು ಕಂಡದ್ದು ಶಾಲೆಯಲ್ಲಿ ಮಾತ್ರ, ಸಂಜೆ ಜವಾನ ರೈಲು ಕಂಬಿಯ ತುಂಡಿಗೆ ಉದ್ದಕ್ಕೂ ಬಡಿಯುವ ಕೊನೆಯ ಗಂಟೆ. ಆದರೆ ಆ ಗಂಟೆ ಎಲ್ಲರಿಗೂ ಒಟ್ಟಿಗೇ ಆಗುತ್ತದೆ. ಒಂದು ಮಗು ಮನೆಗೆ ಹೊರಟು ಮಿಕ್ಕ ಮಕ್ಕಳೆಲ್ಲ ಬೆಂಚಿನ ಮೇಲೇ ಕೂತಿರುವಂತೆ ಯಾವ ಶಾಲೆಯಲ್ಲೂ ಗಂಟೆ ಬಾರಿಸುವುದಿಲ್ಲ.

ಬೆಂಚಿನ ಮೇಲೆ ಕೂತವರಲ್ಲಿ ಚನ್ನಗಿರಿ ಕಡೆಯ ಒಬ್ಬ ಅಕ್ಕ ಇದ್ದರು. ಎರಡು ವಾರಗಳಿಂದ ದಿನವೂ ನಾವಿಬ್ಬರೂ ಅಕ್ಕಪಕ್ಕ ಕೂತು ನಮ್ಮ ನಂಬರಿಗೆ ಕಾಯುತ್ತಿದ್ದೆವು. ಬೆಂಗಳೂರಿನ ಆ ಸಾಲಿನಲ್ಲಿ ನಮ್ಮ ಜಿಲ್ಲೆಯ ಮಾತು ಕಿವಿಗೆ ಬೀಳುವುದೇ ಒಂದು ಸಮಾಧಾನವಾಗಿತ್ತು. ಅಡಿಕೆ ತೋಟ, ಕೊಳವೆಬಾವಿ ಬತ್ತಿದ್ದು, ಸೊಸೆಯ ಬಾಣಂತನ, ಎಲ್ಲವನ್ನೂ ಅವರು ಹೇಳಿದ್ದರು. ಅವರಿಗೆ ಬೆನ್ನುಮೂಳೆಗೆ 10 ಸಲ ಕರೆಂಟು, ಅದರ ಜೊತೆಗೆ ಮೂರು ವಾರಕ್ಕೊಮ್ಮೆ ಡ್ರಿಪ್. ಕಾಯಿಲೆ ಮೂಳೆಗೂ ಪಿತ್ತಜನಕಾಂಗಕ್ಕೂ ಹಬ್ಬಿದೆ, ಔಷಧಿ ಹಿಡಿಯುವಷ್ಟು ದಿನ ಕೊಡುತ್ತಲೇ ಇರಬೇಕು, ‘ಮುಗೀತು’ ಅನ್ನೋದು ಇಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವರ ಯಜಮಾನರು ಒಂದು ದಿನ ಆಸ್ಪತ್ರೆಯ ಎದುರಿನ ಟೀ ಅಂಗಡಿಯಲ್ಲಿ ನನಗೆ ತಿಳಿಸಿದ್ದರು. ‘ಅವಳಿಗೆ ಹೇಳಿಲ್ರೀ, ಬೆನ್ನುನೋವು ಅಂತ ತಿಳ್ಕಂಡಾಳೆ’ ಎಂದಿದ್ದರು.

ಗಂಟೆ ಬಾರಿಸಿ ಫೈಲು ಎತ್ತಿಕೊಂಡು ಕಾರಿಡಾರಿಗೆ ಬಂದಾಗ ಆ ಅಕ್ಕ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ನಿಜವಾದ ಸಂತೋಷ ಅವರ ಮುಖದಲ್ಲಿತ್ತು. ‘ನೀನಾ ಬಾರ್ಸಿದ್ದು? ಮುಗೀತಾ ನಿಂದು? ಚಲೋ ಆತು ಬಿಡವ್ವ’ ಎಂದರು. ಆಮೇಲೆ, ಬಸ್ಸಿನ ಹೊತ್ತು ಕೇಳುವಷ್ಟು ಸಹಜವಾಗಿ, ‘ನಂಗ್ಯಾವಾಗ ಬಾರ್ಸಕ್ಕೆ ಹೇಳ್ತಾರೆ?’ ಎಂದು ಕೇಳಿದರು. ಅವರ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಎಕ್ಸ್‌ರೇ ಹಿಡಿದು ನಿಂತಿದ್ದ ಯಜಮಾನರು ನೆಲ ನೋಡುತ್ತಿದ್ದರು. 28 ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ನನ್ನ ಬಾಯಿಂದ ಹೊರಟದ್ದು ‘ಡಾಕ್ಟರನ್ನ ಕೇಳೋಣ ಅಕ್ಕ’ ಎಂಬ ಒಂದು ಮಾತು. ಅಷ್ಟರಲ್ಲಿ ಅವರ ನಂಬರು ಕೂಗಿದರು.

ಅಂದು ಸಂಜೆ ಅಕ್ಕನ ಮನೆಯ ಬಚ್ಚಲಲ್ಲಿ, ನಾಲ್ಕು ವಾರಗಳ ನಂತರ ಮೊದಲ ಬಾರಿಗೆ ಎದೆಗೆ ಸೋಪು ಹಚ್ಚಿಕೊಂಡೆ. ಕರೆಂಟಿಗೆ ಕಪ್ಪಿಟ್ಟು ಉರಿಯುತ್ತಿದ್ದ ಚರ್ಮವನ್ನು ಉಜ್ಜುವಂತಿರಲಿಲ್ಲ, ಬೆರಳ ತುದಿಯಿಂದ ಸವರಬೇಕಿತ್ತು. ನೇರಳೆ ಬಣ್ಣದ ನೀರು ಬಿಳಿ ಟೈಲ್ಸಿನ ಮೇಲೆ ಸಣ್ಣ ಎಳೆಯಾಗಿ ಹರಿದು ಮೋರಿಯ ಜಾಲರಿಯ ಹತ್ತಿರ ಸುತ್ತಿ ಒಳಗೆ ಇಳಿಯಿತು. ಆ ನೀರು ತಿಳಿಯಾಗುವವರೆಗೆ ನಾನು ಸ್ಟೂಲಿನ ಮೇಲೆ ಕೂತೇ ಇದ್ದೆ. ಬಾಗಿಲ ಹೊರಗಿನಿಂದ ಅಕ್ಕ ‘ಏನಾಯ್ತೇ?’ ಎಂದು ಎರಡು ಸಲ ಕೂಗಿದಳು. ಏನೂ ಆಗಿರಲಿಲ್ಲ, ಅಳುತ್ತಿದ್ದೆ ಅಷ್ಟೆ. ನನಗೆ ಬೇಕಾಗಿದ್ದ ಸಂಭ್ರಮ ಬಹುಶಃ ಅಷ್ಟೇ ಇತ್ತು, ಅದಕ್ಕೆ ಬಾಗಿಲು ಮುಚ್ಚಿರಬೇಕಾಗಿತ್ತು.

ಈ ಗಂಟೆಯ ಪದ್ಧತಿ ಎಲ್ಲಿಂದ ಬಂತೆಂದು ಅನಂತರ ಹುಡುಕಿ ಓದಿದೆ. ಅಮೆರಿಕದ ನೌಕಾಪಡೆಯ ಅಧಿಕಾರಿ ಅರ್ವ್ ಲೆ ಮೊಯ್ನ್ ಎಂಬವರಿಗೆ ತಲೆ ಮತ್ತು ಕುತ್ತಿಗೆಯ ಭಾಗದ ಕ್ಯಾನ್ಸರ್ ಆಗಿತ್ತು. ಕೆಲಸ ಮುಗಿದಾಗ ಗಂಟೆ ಬಾರಿಸುವುದು ನೌಕಾಪಡೆಯ ಸಂಪ್ರದಾಯ. ತಮ್ಮ ರೇಡಿಯೇಷನ್ ಮುಗಿದ ದಿನ ಹಾಗೆಯೇ ಮಾಡುತ್ತೇನೆಂದು ಅವರು 1996ರಲ್ಲಿ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರಕ್ಕೆ ಹಿತ್ತಾಳೆಯ ಗಂಟೆಯೊಂದನ್ನು ತಂದು ಬಾರಿಸಿ, ಅದನ್ನು ಅಲ್ಲಿಯೇ ಬಿಟ್ಟುಹೋದರು. ಅಲ್ಲಿಂದ ಅದು ಊರೂರಿನ ಆಸ್ಪತ್ರೆಗಳಿಗೆ ಹಬ್ಬಿತು. ಲೆ ಮೊಯ್ನ್ 1997ರಲ್ಲಿ ತೀರಿಕೊಂಡರೆಂಬುದನ್ನು ಓದಿದಾಗ ನಾನು ಪುಟ ಮುಚ್ಚಿಟ್ಟೆ. ಗಂಟೆಯನ್ನು ಕೊಟ್ಟವರು ಅದನ್ನು ಬಾರಿಸಿದ ಮೇಲೆ ಬಹಳ ಕಾಲ ಬದುಕಲಿಲ್ಲ. ಅವರು ಬಾರಿಸಿದ್ದು ಒಂದು ಕೆಲಸ ಮುಗಿಯಿತೆಂದು ಹೇಳುವುದಕ್ಕೆ. ನಾವು ಅದನ್ನು ಕಾಯಿಲೆ ಮುಗಿಯಿತು ಎಂದು ಓದಿಕೊಂಡಿದ್ದೇವೆ.

2019ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಗಂಟೆ ಬಾರಿಸಿದವರು ಚಿಕಿತ್ಸೆಯ ದಿನಗಳನ್ನು ಸ್ವಲ್ಪ ಹಗುರವಾಗಿ ನೆನಪಿಸಿಕೊಳ್ಳುತ್ತಾರೆಂಬುದು ಅವರ ನಿರೀಕ್ಷೆಯಾಗಿತ್ತು. ಕಂಡದ್ದು ಅದಕ್ಕೆ ವಿರುದ್ಧ: ಬಾರಿಸಿದವರಿಗೇ ಆ ದಿನಗಳ ಸಂಕಟ ಹೆಚ್ಚಾಗಿ ನೆನಪಿನಲ್ಲಿತ್ತು. ಭಾವನೆ ಉಕ್ಕಿಬಂದ ಗಳಿಗೆಯಲ್ಲಿ ನಡೆದದ್ದು ಮನಸ್ಸಿನಲ್ಲಿ ಆಳವಾಗಿ ಅಚ್ಚೊತ್ತುತ್ತದೆ, ಆ ಸದ್ದಿನ ಜೊತೆಗೆ ಹಿಂದಿನ ನೋವೂ ಸೇರಿಕೊಂಡು ಗಟ್ಟಿಯಾಗುತ್ತದೆ ಎಂಬುದು ಅವರ ವಿವರಣೆ. ಒಂದು ಅಧ್ಯಯನದಿಂದ ಎಲ್ಲರ ಮನಸ್ಸನ್ನೂ ಅಳೆಯಲಾಗದು. ಗಂಟೆ ಬಾರಿಸಿ ಹಗುರಾದವರನ್ನು ನಾನೇ ಕಂಡಿದ್ದೇನೆ. ಆದರೆ ಮುದುಡುವುದು ನನ್ನೊಬ್ಬಳ ವಿಚಿತ್ರ ಸ್ವಭಾವವಲ್ಲ ಎಂದು ಅದನ್ನು ಓದಿದ ದಿನ ಸಮಾಧಾನವಾಯಿತು.

ನಿಜವಾಗಿ ಹೆದರಿಕೆ ಶುರುವಾದದ್ದು ಗಂಟೆ ಬಾರಿಸಿದ ನಂತರದ ಸೋಮವಾರ. ಆ ಹೊತ್ತಿಗೆ ದಾವಣಗೆರೆಯ ಮನೆಗೆ ಬಂದಿದ್ದೆ. ಬೆಳಿಗ್ಗೆ ಎಚ್ಚರವಾದಾಗ ಹೋಗಬೇಕಾದ ಜಾಗವಿರಲಿಲ್ಲ. ಎಂಟು ತಿಂಗಳು ಯಾರೋ ಒಬ್ಬರು ನನ್ನ ರಕ್ತದ ಕೌಂಟು ನೋಡುತ್ತಿದ್ದರು, ತೂಕ ಬರೆದುಕೊಳ್ಳುತ್ತಿದ್ದರು, ಯಂತ್ರವನ್ನು ಹೊಂದಿಸುತ್ತಿದ್ದರು. ಈಗ ಎಲ್ಲರೂ ಒಟ್ಟಿಗೆ ಕೈಬಿಟ್ಟಂತಾಯಿತು. ಸ್ವತಃ ಕ್ಯಾನ್ಸರ್ ಅನುಭವಿಸಿದ್ದ ಅಮೆರಿಕದ ವೈದ್ಯ ಫಿಟ್ಝ್‌ಹ್ಯೂ ಮುಲ್ಲನ್ 1985ರಲ್ಲಿ ಬರೆದ ಲೇಖನವೊಂದರಲ್ಲಿ ಇದನ್ನೇ ಹೇಳಿದ್ದಾರೆ: ಮುಳುಗುವವರನ್ನು ನೀರಿನಿಂದ ಎಳೆದು ತೆಗೆಯುವ ವಿದ್ಯೆ ನಮಗೆ ಬಂದಿದೆ, ಎಳೆದ ಮೇಲೆ ದಡದಲ್ಲಿ ಕೆಮ್ಮುತ್ತ ಕೂತಿರಲು ಬಿಟ್ಟು ಹೋಗುತ್ತೇವೆ ಎಂಬ ಅರ್ಥದಲ್ಲಿ. ನಾನು ದಡದಲ್ಲಿ ಕೂತಿದ್ದೆ, ಊರಿನವರು ಅಭಿನಂದಿಸಲು ಬರುತ್ತಿದ್ದರು.

ಒಟ್ಟು ಐದು ವರ್ಷ ದಿನಕ್ಕೊಂದು, ಹಾರ್ಮೋನು ತಗ್ಗಿಸುವ ಲೆಟ್ರೊಜೋಲ್ ಮಾತ್ರೆ ಇದೆ, ಅದರಿಂದ ಮೂಳೆ ಸವೆಯದಿರಲೆಂದು ಕ್ಯಾಲ್ಸಿಯಂ ಇದೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಬೆರಳುಗಳ ಕೀಲು ಮಡಚಲು ಬರುವುದಿಲ್ಲ, ಬಿಸಿನೀರಿನ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಸಡಿಲ ಮಾಡಿಕೊಳ್ಳುತ್ತೇನೆ. ಡ್ರಿಪ್ಪಿನ ಔಷಧಿಯಿಂದ ಪಾದಗಳಲ್ಲಿ ಉಳಿದ ಜೋಮು ಇನ್ನೂ ಪೂರ್ತಿ ಹೋಗಿಲ್ಲ. ಕಂಕುಳ ಗಂಟುಗಳನ್ನು ತೆಗೆದ ಎಡಗೈಗೆ ಬಿ.ಪಿ. ಪಟ್ಟಿ ಕಟ್ಟಿಸಿಕೊಳ್ಳುವುದಿಲ್ಲ, ಸೂಜಿ ಚುಚ್ಚಿಸಿಕೊಳ್ಳುವುದಿಲ್ಲ, ಭಾರ ಎತ್ತಿದರೆ ಕೈ ಬಾತುಕೊಳ್ಳುತ್ತದೆ. ಹಾರ್ಮೋನಿಗೆ ಸಂಬಂಧಪಟ್ಟ ನನ್ನ ಬಗೆಯ ಕ್ಯಾನ್ಸರ್, ಐದು ವರ್ಷ ಮಾತ್ರೆ ನುಂಗಿ ಮುಗಿಸಿದವರಲ್ಲೂ 20 ವರ್ಷಗಳವರೆಗೆ ಮರುಕಳಿಸಬಹುದೆಂದು 2017ರ ದೊಡ್ಡ ಅಧ್ಯಯನವೊಂದು ತೋರಿಸಿದೆ. ಎಲ್ಲರಿಗೂ ಹಾಗಾಗುವುದಿಲ್ಲ, ಬಹಳ ಜನ ಚೆನ್ನಾಗಿಯೇ ಇರುತ್ತಾರೆ. ಆದರೂ ನನ್ನ ಡಾಕ್ಟರು ಒಮ್ಮೆಯೂ ‘ವಾಸಿಯಾಯಿತು’ ಎಂಬ ಶಬ್ದ ಬಳಸಿಲ್ಲ. ‘ಸದ್ಯಕ್ಕೆ ಕಾಯಿಲೆಯ ಗುರುತು ಕಾಣುತ್ತಿಲ್ಲ’ ಎನ್ನುತ್ತಾರೆ. ಆ ‘ಸದ್ಯಕ್ಕೆ’ ಎಂಬ ಮಾತಿನ ಮೇಲೆ ನನಗೆ ಈಗ ಗೌರವ ಬಂದಿದೆ.

ಆ ವಿಡಿಯೊವನ್ನು ಅಕ್ಕನ ಮಗಳು ಅಂದೇ ಸ್ಟೇಟಸ್ಸಿಗೆ ಹಾಕಿದಳು, ನನ್ನನ್ನು ಕೇಳಿಯೇ ಹಾಕಿದಳು, ನಾನೇ ಹೂಂ ಅಂದಿದ್ದೆ. ಮೂರನೆಯ ದಿನಕ್ಕೆ ಅದು ಪಿ.ಜೆ. ಬಡಾವಣೆಯಿಂದ ಹಿಡಿದು ಹದಡಿ ರಸ್ತೆಯವರೆಗೆ ನಮಗೆ ಪರಿಚಯವಿದ್ದವರೆಲ್ಲರ ಮೊಬೈಲಿನಲ್ಲಿತ್ತು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಈ ಕಾಯಿಲೆಯ ಹೆಸರನ್ನು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಆಪರೇಷನ್ ಆದಾಗ ಗರ್ಭಕೋಶದ ತೊಂದರೆ ಎಂದು ಹೇಳಿದ್ದೆವು. ಕೂದಲು ಹೋದಾಗ ನಮ್ಮ ಅತ್ತೆ, ಸುಳ್ಳಾಡಿ ಅಭ್ಯಾಸವೇ ಇಲ್ಲದ ಆ ಹಿರಿಯ ಜೀವ, ಬಂದವರಿಗೆಲ್ಲ ‘ದೇವರಿಗೆ ಮುಡಿ ಕೊಟ್ಟಾಳೆ’ ಎಂದು ಹೇಳಿ ಒಳಗೆ ಹೋಗಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮಗಳ ಮದುವೆಗೆ ತೊಡಕಾದೀತೆಂಬ ಹೆದರಿಕೆ ಒಂದು, ದೃಷ್ಟಿಯಾದೀತೆಂಬ ಹೆದರಿಕೆ ಇನ್ನೊಂದು. ಹೀಗೆ ಎಂಟು ತಿಂಗಳು ಮುಚ್ಚಿಟ್ಟದ್ದನ್ನು 22 ಸೆಕೆಂಡುಗಳು ತೆರೆದಿಟ್ಟವು. ಎಷ್ಟೋ ಜನ ಮನೆಗೆ ಬಂದರು. ಕೆಲವರು ಪ್ರೀತಿಯಿಂದ ಬಯ್ದರು, ನಮಗೂ ಹೇಳಬಾರದಾಗಿತ್ತೇ ಎಂದರು. ಬಹುತೇಕ ಎಲ್ಲರೂ ಒಂದು ಮಾತು ಹೇಳಿದರು: ‘ಗೆದ್ದು ಬಂದ್ರಿ ಬಿಡ್ರಿ.’

ಆ ಮಾತು ಕೇಳಿದಾಗಲೆಲ್ಲ ನನಗೆ ನಮ್ಮ ಸೋದರತ್ತೆ ನೆನಪಾಗುತ್ತಿದ್ದರು. ಅವರಿಗೂ ಇದೇ ಕಾಯಿಲೆ, 1994ರಲ್ಲಿ. ದಾವಣಗೆರೆಯಿಂದ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿಬರುತ್ತಿದ್ದರು. 1973ರಲ್ಲಿ ಆರಂಭವಾದ ಆ ಸಂಸ್ಥೆಯ ಹೆಸರೇ ನಮ್ಮ ಕಡೆ ಈ ಕಾಯಿಲೆಯ ಇನ್ನೊಂದು ಹೆಸರಾಗಿತ್ತು, ‘ಕಿದ್ವಾಯಿಗೆ ಹೋದ್ರಂತೆ’ ಎಂದರೆ ಮುಂದೆ ಏನೂ ಹೇಳಬೇಕಾಗಿರಲಿಲ್ಲ. ವಾಂತಿ ತಡೆಯುವ ಒಳ್ಳೆಯ ಔಷಧಿಗಳು ನನಗೆ ಸಿಕ್ಕಷ್ಟು ಸುಲಭವಾಗಿ ಅವರಿಗೆ ಸಿಗಲಿಲ್ಲ. ಸಾಯುವ ಹಿಂದಿನ ವಾರದವರೆಗೂ ಕೂತಲ್ಲೇ ಹೂ ಕಟ್ಟಿದರು, ಮೊಮ್ಮಗಳ ನಾಮಕರಣಕ್ಕೆ ಏನೇನು ತರಿಸಬೇಕೆಂದು ಪಟ್ಟಿ ಬರೆಸಿದರು. ನಾನು ಗೆದ್ದವಳಾದರೆ ಅವರು ಸೋತವರು ಎಂದಾಗುತ್ತದೆ. ನನ್ನ ಗಂಟು ಬೇಗ ಕೈಗೆ ಸಿಕ್ಕಿತು, ಔಷಧಿ ಹಿಡಿಯಿತು, ರಜೆಯೂ ಸಂಬಳವೂ ಇದ್ದವು, ಬೆಂಗಳೂರಿನಲ್ಲಿ ಅಕ್ಕನ ಮನೆ ಇತ್ತು. ಇದರಲ್ಲಿ ನನ್ನ ಶೌರ್ಯ ಎಲ್ಲಿದೆ ಎಂದು ಎಷ್ಟು ಹುಡುಕಿದರೂ ಸಿಕ್ಕಿಲ್ಲ. ಧೈರ್ಯವಂತರೇ ಬದುಕುತ್ತಾರೆಂದಿದ್ದರೆ ನಮ್ಮ ಸೋದರತ್ತೆ ಇವತ್ತು ನೂರರ ಹತ್ತಿರ ಇರುತ್ತಿದ್ದರು.

ಆದ್ದರಿಂದ ಆ ವಿಡಿಯೊ ತೆಗೆಸಿಬಿಡಬೇಕೆಂದು, ಇನ್ನು ಈ ವಿಷಯ ಯಾರ ಮುಂದೆಯೂ ಎತ್ತಬಾರದೆಂದು ನಾನು ನಿಶ್ಚಯಿಸಿದ್ದೆ. ಆ ನಿಶ್ಚಯ ಆಗಸ್ಟ್ ತಿಂಗಳ ಒಂದು ಸಂಜೆಯವರೆಗೆ ಉಳಿಯಿತು. ಅಂದು ನಮ್ಮ ಶಾಲೆಯ ಬಿಸಿಯೂಟದ ಅಡುಗೆ ಸಹಾಯಕಿ ಮನೆಗೆ ಬಂದಳು. ಬಾಗಿಲಲ್ಲೇ ನಿಂತು, ನಮ್ಮ ಮನೆಯವರು ಪೇಪರ್ ಹಿಡಿದು ಹೊರಗೆ ಹೋಗುವವರೆಗೆ ಕಾದು, ಒಳಗೆ ಬಂದು ಕೋಣೆಯ ಬಾಗಿಲು ತಾನೇ ಹಾಕಿದಳು. ರವಿಕೆಯ ಗುಂಡಿ ಬಿಚ್ಚಿ ನನ್ನ ಕೈಯನ್ನು ತೆಗೆದುಕೊಂಡು ಬಲಗಡೆ ಇಟ್ಟಳು. ನಿಂಬೆಹಣ್ಣಿನಷ್ಟು ಇತ್ತು. ಎಷ್ಟು ದಿನವಾಯಿತೆಂದು ಕೇಳಿದೆ. ಸಂಕ್ರಾಂತಿಗೆ ಮುಂಚೆ ಎಂದಳು. ಗಂಡನಿಗೂ ಹೇಳಿರಲಿಲ್ಲ. ‘ಈ ಗಂಟು ಬಂದೋರು ಯಾರೂ ಉಳಿದಿದ್ದು ನಾ ನೋಡಿರಲಿಲ್ಲ ಮಿಸ್. ಸುಮ್ನೆ ದುಡ್ಡು ಖರ್ಚು ಮಾಡ್ಸೋದು ಬ್ಯಾಡ ಅಂತ ಇದ್ದೆ. ನೀವು ಗಂಟೆ ಹೊಡೆಯೋದು ಮೊಬೈಲಲ್ಲಿ ತೋರ್ಸಿದ್ರು. ನೀವು ಉಳಿದ್ರಲ್ಲ, ಅದಕ್ಕೇ ಬಂದೆ.’

ಅವಳು ಹೇಳಿದ್ದನ್ನು ಆ ರಾತ್ರಿಯೆಲ್ಲ ಯೋಚಿಸಿದೆ. ಅವಳ ಮಾತಿನಲ್ಲಿ ಪೆದ್ದುತನವೇನೂ ಇರಲಿಲ್ಲ, ಅವಳು ಕಂಡದ್ದು ಹಾಗೆಯೇ ಇತ್ತು. ನಮ್ಮೂರಿನಲ್ಲಿ ಕ್ಯಾನ್ಸರಿನಿಂದ ಸತ್ತವರ ಕಾಯಿಲೆ ಮೂರನೆಯ ದಿನದ ಹಾಲು ತುಪ್ಪದ ಹೊತ್ತಿಗೆ ಬೀದಿಗೆಲ್ಲ ತಿಳಿದಿರುತ್ತದೆ. ಬದುಕಿ ಉಳಿದವರ ಕಾಯಿಲೆ ಮಾತ್ರ ಗರ್ಭಕೋಶದ ತೊಂದರೆಯಾಗಿ, ಮುಡಿಯ ಹರಕೆಯಾಗಿ ಮನೆಯೊಳಗೇ ಉಳಿದುಬಿಡುತ್ತದೆ. ಹೀಗಿರುವಾಗ ಒಬ್ಬ ಹೆಣ್ಣುಮಗಳ ಲೆಕ್ಕದಲ್ಲಿ ಆ ಗಂಟು ಬಂದವರೆಲ್ಲರೂ ಸಾಯದೆ ಇನ್ನೇನಾಗುತ್ತಾರೆ? ನನಗಿಂತ ಹಿಂದೆ ನಮ್ಮದೇ ಬೀದಿಯಲ್ಲಿ ಇಬ್ಬರು ಚಿಕಿತ್ಸೆ ಪಡೆದು ಆರಾಮಾಗಿದ್ದರೆಂಬುದು ನನಗೆ ತಿಳಿದದ್ದೇ ನನ್ನ ವಿಡಿಯೊ ನೋಡಿ ಅವರು ಮೆಲ್ಲಗೆ ಬಂದು ಹೇಳಿದಾಗ. ಮೊದಲೇ ಗೊತ್ತಿದ್ದರೆ ಆ ದಸರಾ ರಜೆಯಲ್ಲಿ ನಾನು ಅವರ ಮನೆಯ ಬಾಗಿಲು ತಟ್ಟುತ್ತಿದ್ದೆ. ನಾನೂ ಎಂಟು ತಿಂಗಳು ಅದನ್ನೇ ಮಾಡಿದವಳು. ನಮ್ಮ ಅತ್ತೆಯ ಸುಳ್ಳಿಗೂ ಆ ನಿಂಬೆಹಣ್ಣಿಗೂ ನಂಟಿದೆ ಎಂದು ಹೊಳೆದಾಗ ಬಹಳ ನೊಂದೆ.

ಮಾರನೆಯ ದಿನವೇ ಅವಳನ್ನು ಕರೆದುಕೊಂಡು ಹೋದೆ. ಮ್ಯಾಮೊಗ್ರಾಂ, ಬಯಾಪ್ಸಿ, ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಪತ್ರ. ಬಿ.ಪಿ.ಎಲ್. ಕಾರ್ಡ್ ಇದ್ದ ಕಾರಣ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಸಿಗುತ್ತದೆಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಗಂಟು ದೊಡ್ಡದಾಗಿದ್ದರಿಂದ ಮೊದಲು ಕಿಮೋ ಕೊಟ್ಟು ಕುಗ್ಗಿಸಿ ಆಮೇಲೆ ಆಪರೇಷನ್ ಮಾಡೋಣ ಎಂದರು. ಅಕ್ಟೋಬರಿನಲ್ಲಿ ಅವಳ ಮೊದಲ ಡ್ರಿಪ್ ಆಯಿತು.

2024ರ ಫೆಬ್ರವರಿ 4ರಂದು, ವಿಶ್ವ ಕ್ಯಾನ್ಸರ್ ದಿನಕ್ಕೆ, ಊರಿನ ಒಂದು ಮಹಿಳಾ ಸಂಘದವರು ನನಗೆ ಸನ್ಮಾನ ಇಟ್ಟುಕೊಂಡರು. ಅಡುಗೆ ಸಹಾಯಕಿ ಬಂದ ಆ ಸಂಜೆ ಇಲ್ಲದಿದ್ದರೆ ಖಂಡಿತ ಒಲ್ಲೆ ಎನ್ನುತ್ತಿದ್ದೆ. ಫ್ಲೆಕ್ಸಿನ ಮಾದರಿ ಕಳಿಸಿದ್ದರು, ನನ್ನ ಹಳೆಯ ಫೋಟೊದ ಕೆಳಗೆ ‘ಕ್ಯಾನ್ಸರ್ ಗೆದ್ದ ಧೀರ ಮಹಿಳೆ’ ಎಂದಿತ್ತು. ‘ಗೆದ್ದ’ ಎಂಬುದನ್ನು ತೆಗೆಯಿರಿ ಎಂದು ಕೇಳಿಕೊಂಡೆ. ಮತ್ತೇನು ಹಾಕೋಣ ಎಂದರು. ‘ಚಿಕಿತ್ಸೆ ಪಡೆದ ಶಿಕ್ಷಕಿ’ ಎಂದು ಹಾಕಿ ಎಂದೆ. ಹಾಗೆ ಹಾಕಿದರೆ ಯಾರು ಬರುತ್ತಾರೆ ಮೇಡಂ ಎಂದು ಅವರು ಪ್ರಾಮಾಣಿಕವಾಗಿಯೇ ಕೇಳಿದರು. ಕೊನೆಗೆ ಬರೀ ಹೆಸರು ಉಳಿಯಿತು. ಆದರೂ ಮೈಕಿನಲ್ಲಿ ‘ಮೃತ್ಯುವನ್ನೇ ಗೆದ್ದು ಬಂದ’ ಎಂದೇ ಪರಿಚಯಿಸಿದರು, ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿಯನ್ನು ಎಡಗೈಗೆ ಕೊಡಲು ಬಂದಾಗ ನಾನು ಬಲಗೈ ಚಾಚಿದೆ. ಅವರ ಪ್ರೀತಿಯ ಮೇಲೆ ನನಗೆ ಅನುಮಾನವಿಲ್ಲ. ನನಗೆ ಸಿಕ್ಕ ಹತ್ತು ನಿಮಿಷಗಳಲ್ಲಿ, ಸ್ನಾನ ಮಾಡುವಾಗ ಗಂಟು ಹೇಗೆ ನೋಡಿಕೊಳ್ಳಬೇಕು, ನೋವಿಲ್ಲದ ಗಂಟನ್ನು ಏಕೆ ತಳ್ಳಿಹಾಕಬಾರದು, 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೇ ಇದೆ ಎಂಬುದನ್ನೆಲ್ಲ ಹೇಳಿದೆ. ನನ್ನ ಮಾತ್ರೆ 2028ರವರೆಗೆ ಇದೆ ಎಂದೂ, ಈ ಕಾಯಿಲೆಯಲ್ಲಿ ಚಿಕಿತ್ಸೆಯನ್ನು ಕೊನೆಯವರೆಗೂ ಪಡೆಯುತ್ತಲೇ ಬದುಕುವವರಿದ್ದಾರೆ, ಅವರೂ ನಮ್ಮ ನಿಮ್ಮ ನಡುವೆ ಇದ್ದಾರೆ ಎಂದೂ ಹೇಳಿದೆ. ಆ ಮಾತಿಗೆ ಸಭೆಯಲ್ಲಿ ಚಪ್ಪಾಳೆ ಬರಲಿಲ್ಲ. ಮೂರನೆಯ ಸಾಲಿನಲ್ಲಿ ಒಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದ್ದನ್ನು ಕಂಡೆ.

ಬಹಿರಂಗವಾಗಿ ಸಂತೋಷಪಡುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಅದೇ ವರ್ಷ ಮಾರ್ಚಿನಲ್ಲಿ ದುಗ್ಗಮ್ಮನ ಜಾತ್ರೆ ಬಂತು. ನಮ್ಮಲ್ಲಿ ಅದು ಎರಡು ವರ್ಷಕ್ಕೊಮ್ಮೆ, ಆಗ ಇಡೀ ಊರಿಗೆ ನೆಂಟರು. ನಮ್ಮ ಅತ್ತೆ ನನಗೆ ಗೊತ್ತಿಲ್ಲದಂತೆ ಹರಕೆ ಹೊತ್ತಿದ್ದರು. ನಸುಕಿನಲ್ಲಿ ಗುಡಿಯ ಮುಂದಿನ ನೂಕುನುಗ್ಗಲಿನಲ್ಲಿ ದೀಡ್ ನಮಸ್ಕಾರ ಹಾಕುವವರು, ಬೇವಿನ ಉಡುಗೆ ಉಟ್ಟವರು, ಮಕ್ಕಳನ್ನು ಎತ್ತಿಕೊಂಡವರು ಸಾವಿರಾರು ಜನ. ಅಷ್ಟೂ ಜನ ಏನನ್ನೋ ಕೇಳಿ, ಸಿಕ್ಕಿ, ತೀರಿಸಲು ಬಂದವರು ಅಥವಾ ಈಗಷ್ಟೇ ಕೇಳಲು ಬಂದವರು. ಯಾರು ಯಾವ ಕಾರಣಕ್ಕೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅತ್ತೆ ಅಮ್ಮನಿಗೆ ಉಡಿ ತುಂಬಿ ನನ್ನ ತಲೆಯ ಮೇಲೆ, ಹೊಸದಾಗಿ ಗುಂಗುರು ಗುಂಗುರಾಗಿ ಹುಟ್ಟಿದ್ದ ಕೂದಲಿನ ಮೇಲೆ, ಭಂಡಾರ ಹಚ್ಚಿದರು. ‘ಕಾಪಾಡಿದಿ ತಾಯಿ, ಮುಂದೂ ನೋಡ್ಕ’ ಎಂದರು. ಆ ‘ಮುಂದೂ ನೋಡ್ಕ’ ಎಂಬುದು ನನ್ನ ಡಾಕ್ಟರ ‘ಸದ್ಯಕ್ಕೆ’ ಎಂಬುದಕ್ಕೆ ಬಹಳ ಹತ್ತಿರದ ಮಾತು.

ಜಾತ್ರೆ ಕಳೆದ ಮುಂದಿನ ವಾರ ಅಡುಗೆ ಸಹಾಯಕಿಯ ಕೊನೆಯ ಡ್ರಿಪ್ ಇತ್ತು. ಅವಳು ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಗಂಟೆ ಇರಲಿಲ್ಲ. ನಾನು ಜೊತೆಗೆ ಹೋಗಿದ್ದೆ. ಅವಳ ಮಗ ಬೆಳಿಗ್ಗೆಯೇ ದೊಡ್ಡದೊಂದು ಸ್ಟೀಲ್ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದಿಟ್ಟಿದ್ದ. ಡ್ರಿಪ್ ಮುಗಿದು ಕೈಗೆ ಹತ್ತಿ ಅಂಟಿಸಿದ ಮೇಲೆ ಅವಳು ಎದ್ದು, ಡಬ್ಬಿಯ ಮುಚ್ಚಳ ತೆಗೆದು, ಬಿಸಿಯೂಟಕ್ಕೆ ಬಡಿಸುವ ಅದೇ ಸೌಟಿನಿಂದ ಕಾಗದದ ಬಟ್ಟಲುಗಳಿಗೆ ಬೆಲ್ಲದ ಸಜ್ಜಕ ಹಾಕತೊಡಗಿದಳು. ವಾರ್ಡಿನ ಒಂಬತ್ತು ಹಾಸಿಗೆಗಳಿಗೂ, ಜೊತೆಗೆ ಬಂದವರಿಗೂ, ನರ್ಸುಗಳಿಗೂ, ನೆಲ ಒರೆಸುತ್ತಿದ್ದವರಿಗೂ ತಾನೇ ಹಂಚಿದಳು. ತೆಳ್ಳಗೆ, ಗಂಟಿಲ್ಲದ ಹಾಗೆ ಮಾಡಿದ್ದಳು. ಗೋಡಂಬಿ ಒಂದೂ ಕಾಣಲಿಲ್ಲವೆಂದು ನಾನು ಕೇಳಿದೆ. ‘ಬಾಯಿ ಹುಣ್ಣಾದೋರಿಗೆ ಚುಚ್ಚುತ್ತೆ ಮಿಸ್’ ಎಂದಳು. ಏನು ವಿಶೇಷ ಎಂದು ಕಿಟಕಿಯ ಪಕ್ಕದ ಹಾಸಿಗೆಯವರು ಕೇಳಿದರು. ‘ನಂದು ಡ್ರಿಪ್ಪು ಇವತ್ತಿಗಾತ್ರಿ. ಇನ್ನು ಆಪರೇಷನ್ನು, ಆಮ್ಯಾಗೆ ಕರೆಂಟು, ಆಮ್ಯಾಗೆ ಮಾತ್ರೆ’ ಎಂದು ಹೇಳಿ, ಅವರ ಬಟ್ಟಲಿಗೆ ಇನ್ನೊಂದು ಸೌಟು ಹಾಕಿದಳು. ಅವರು ಎಷ್ಟನೆಯ ಸಲ ಬಂದಿದ್ದಾರೆ, ಅವರದು ಮುಗಿಯುವಂಥದ್ದೇ ಅಲ್ಲವೇ ಎಂದು ಅವಳು ಕೇಳಲಿಲ್ಲ. ಅವರು ಬೆರಳಿನಿಂದ ಬಟ್ಟಲು ಒರೆಸಿ ತಿಂದರು.

ಚನ್ನಗಿರಿಯ ಅಕ್ಕನ ಯಜಮಾನರ ನಂಬರು ನನ್ನ ಹತ್ತಿರ ಇದೆ. ಎರಡು ಸಲ ಮಾತಾಡಿದ್ದೆವು. ಎರಡನೆಯ ಸಲ ಅಕ್ಕನೇ ಫೋನು ತೆಗೆದುಕೊಂಡು, ಅಡಿಕೆ ಕೊಯ್ಲು ನಡೆದಿದೆ, ಕೂತಲ್ಲಿಂದಲೇ ಲೆಕ್ಕ ನೋಡುತ್ತಿದ್ದೇನೆ ಎಂದು ಹೇಳಿದರು. ಗಂಟೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಕಾರಿಡಾರಿನಲ್ಲಿ ಕೊಡಬೇಕಾಗಿದ್ದ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ. ಆ ವಿಡಿಯೊವನ್ನು ನಾನು ತೆಗೆಸಲೂ ಇಲ್ಲ.

ಮುಂದಿನ ತಿಂಗಳು ನನ್ನ ವರ್ಷದ ಮ್ಯಾಮೊಗ್ರಾಂ ಇದೆ. ಅಡುಗೆ ಸಹಾಯಕಿಗೂ ಅದೇ ದಿನಕ್ಕೆ ಬರೆಸಿದ್ದೇನೆ, ಶಾಲೆಗೆ ಇಬ್ಬರೂ ಅರ್ಧ ದಿನದ ರಜೆ ಹೇಳಿದ್ದೇವೆ. ಬೆಳಿಗ್ಗೆ ಒಂಬತ್ತಕ್ಕೆ ಆಟೊ ಬರುತ್ತದೆ, ಮೊದಲು ಅವಳ ಮನೆಗೆ ಹೋಗಿ ಅವಳನ್ನು ಕರೆದುಕೊಂಡು ಹೋಗಬೇಕು.